ಮೂರನೇ ಸಲ ಬಂದ ಮಗು

"ಡಾಕ್ಟ್ರೇ, ಇದೇ ಕಾಲುನೋವಿಗೆ ನಾವು ಬರ್ತಿರೋದು ಇದು ಮೂರನೇ ಸಲ" ಅಂತ ಆ ತಾಯಿ ಹೇಳಿದಾಗ ನನಗೆ ಮೊದಲು ಬಂದಿದ್ದು ಸಿಟ್ಟು, ಇದ್ದದ್ದನ್ನ ಇದ್ದಹಾಗೆ ಹೇಳ್ಬಿಡ್ತೀನಿ. ಹೊರಗಡೆ ಇನ್ನೂ ಮೂವತ್ತು ಜನ ಕೂತಿದ್ರು, ಹುಡುಗನಿಗೆ ನಾಲ್ಕು ವರ್ಷ, ಹಿಂದಿನ ಎರಡು ಸಲನೂ ನೋಡಿದ್ದು ನಾನೇ. ಮೊದಲನೇ ಸಲ "ಬೆಳೆಯೋ ಮಕ್ಕಳಿಗೆ ಹೀಗಾಗುತ್ತೆ, ರಾತ್ರಿ ಸ್ವಲ್ಪ ಕಾಲು ನೀವಿ" ಅಂದಿದ್ದೆ, ಎರಡನೇ ಸಲ ಮುಖ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಾಣಿಸ್ತು ಅಂತ ಐರನ್ ಟಾನಿಕ್ ಬರೆದು ಕಳಿಸಿದ್ದೆ. ಮೂರನೇ ಸಲನೂ ಪೆನ್ನು ಕೈಯಲ್ಲೇ ಇತ್ತು, ಇನ್ನೇನು ಬರೀಬೇಕು. ಅಷ್ಟರಲ್ಲಿ ಆಕೆ ಹೇಳಿದ್ರು, "ನೋವು ಅಂತ ಈಗ ಅಳೋದಿಲ್ಲ ಡಾಕ್ಟ್ರೇ, ಆದ್ರೆ ಬೆಳಗ್ಗೆ ಎದ್ರೆ ಮಂಚದಿಂದ ಕೆಳಗೆ ಇಳಿಯಲ್ಲ, ಎತ್ಕೋ ಅಂತ ಕೈ ಚಾಚ್ತಾನೆ. ಎತ್ಕೊಂಡ್ರೆ ಒದ್ದಾಡಿ ಇಳಿದು ಓಡ್ತಿದ್ದ ಹುಡುಗ ಇವನು."

ಪೆನ್ನು ಕೆಳಗಿಟ್ಟೆ. ಕಾಲುಚೀಲ ಬಿಚ್ಚಿಸಿದೆ. ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು, ಬೆರಳಿಂದ ಒತ್ತಿದ್ರೆ ಮಾಸದೇ ಇರೋ ಥರದವು. ಹೊಟ್ಟೆ ಮುಟ್ಟಿದ್ರೆ ಎಡಗಡೆ ಪಕ್ಕೆಲುಬಿನ ಕೆಳಗೆ ಎರಡು ಬೆರಳಷ್ಟು ಗುಲ್ಮ, ಅಂದ್ರೆ ಸ್ಪ್ಲೀನ್, ಊದಿ ಕೈಗೆ ಸಿಗ್ತಿತ್ತು. ರಕ್ತಕಣ ಎಣಿಸೋ ಸಿಬಿಸಿ ಪರೀಕ್ಷೆ ಮಾಡಿಸಿದ್ವಿ, ಅದೇ ದಿನ ಸಂಜೆ ಲ್ಯಾಬ್‌ನಿಂದ ಫೋನ್ ಬಂತು, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ 22 ಸಾವಿರ, ತೀರಾ ಕಮ್ಮಿ, ಗಾಜಿನ ಮೇಲೆ ಸವರಿ ನೋಡಿದ ರಕ್ತದಲ್ಲಿ ಬ್ಲಾಸ್ಟ್ ಸೆಲ್ಸ್, ಅಂದ್ರೆ ಬಲಿಯದ ರಕ್ತಕಣಗಳು, ಕಾಣ್ತಿವೆ ಅಂತ. ಮುಂದೆ ಅಸ್ಥಿಮಜ್ಜೆ ಪರೀಕ್ಷೆಯಲ್ಲಿ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಅಂತ ಖಚಿತ ಆಯ್ತು, ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣೋ ಕ್ಯಾನ್ಸರ್ ಇದು, ಅದರಲ್ಲೂ ಎರಡರಿಂದ ಐದು ವರ್ಷದೊಳಗಿನವರಲ್ಲಿ ಜಾಸ್ತಿ.

ನನ್ನ ಎರಡು ಚೀಟಿಗಳನ್ನೂ ಆಮೇಲೆ ಎಷ್ಟೋ ಸಲ ತೆಗೆದು ನೋಡಿದೀನಿ. ಬಿಡಿಬಿಡಿಯಾಗಿ ಓದಿದ್ರೆ ಎರಡರಲ್ಲೂ ದೊಡ್ಡ ತಪ್ಪಿಲ್ಲ, ಅದೇ ಇದರಲ್ಲಿ ಚುಚ್ಚೋ ವಿಷಯ. ಕಾಲುನೋವು ಅಂತ ಬರೋ ನಾಲ್ಕು ವರ್ಷದ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಏನೂ ಇರಲ್ಲ, ಬಿಳಿಚಿಕೊಂಡ ಮಗುಗೆ ಕಬ್ಬಿಣಾಂಶ ಕಮ್ಮಿ ಇರೋದೇ ಸಾಮಾನ್ಯ. ಆದ್ರೆ ಎರಡು ಚೀಟಿನೂ ಪಕ್ಕಪಕ್ಕ ಇಟ್ಟು ಒಂದೇ ಕಥೆಯ ಹಾಗೆ ಓದಿದ್ರೆ, ಕಾಲುನೋವಿನ ಜೊತೆ ಬಿಳಿಚಿಕೊಂಡಿರೋದೂ ಸೇರಿ ಮೂರು ವಾರ ಆದ್ರೂ ಕಮ್ಮಿ ಆಗಿಲ್ಲ ಅಂದ್ರೆ, ಅದು ಬೇರೆಯದೇ ಕಥೆ. ನಾನು ಎರಡನ್ನೂ ಜೋಡಿಸಿ ಓದ್ಲಿಲ್ಲ. ಬೆಳವಣಿಗೆ ನೋವು ಅಂತ ನಾವು ಹೇಳೋದಕ್ಕೂ ಒಂದು ಲಕ್ಷಣ ಇದೆ, ಎರಡೂ ಕಾಲಲ್ಲಿ ಇರುತ್ತೆ, ಸಂಜೆ ಅಥವಾ ರಾತ್ರಿ ಬರುತ್ತೆ, ಬೆಳಗ್ಗೆ ಎದ್ದ ಮಗು ಏನೂ ಆಗಿಲ್ಲ ಅನ್ನೋ ಹಾಗೆ ಓಡಾಡ್ಕೊಂಡಿರುತ್ತೆ. ಬೆಳಗ್ಗೆನೂ ಕುಂಟ್ತಿದ್ರೆ, ಒಂದೇ ಕಾಲಲ್ಲಿ ಒಂದೇ ಜಾಗದಲ್ಲಿ ನೋವಿದ್ರೆ, ಜೊತೆಗೆ ಜ್ವರ ಇದ್ರೆ, ಆಟ ಬಿಟ್ಟಿದ್ರೆ ಅದಕ್ಕೆ ಆ ಹೆಸರು ಇಡೋ ಹಾಗಿಲ್ಲ. ಇದು ನನಗೆ ಗೊತ್ತಿರ್ಲಿಲ್ಲ ಅಂತಲ್ಲ, ಬೆಳಗ್ಗೆ ಹೇಗಿರ್ತಾನೆ ಅಂತ ಕೇಳ್ಲೇ ಇಲ್ಲ ಅಷ್ಟೆ.

ನಮಗೆ ಓದುವಾಗ ಹೇಳ್ಕೊಡೋದೇ ಹಾಗೆ, ಸಾಮಾನ್ಯ ಕಾಯಿಲೆನ ಮೊದಲು ಯೋಚ್ನೆ ಮಾಡಿ ಅಂತ. ಸರಿಯಾದ ಪಾಠನೇ ಅದು, ಜ್ವರ ಅಂತ ಬಂದ ಪ್ರತಿ ಮಗುಗೂ ಅಸ್ಥಿಮಜ್ಜೆ ತೆಗೆಯೋಕಾಗುತ್ತಾ. ಆದ್ರೆ ಆ ಪಾಠಕ್ಕೊಂದು ಗಡುವು ಇದೆ, ನನ್ನ ಲೆಕ್ಕದಲ್ಲಿ ಅದು ಎರಡು ಭೇಟಿ. ಮೂರನೇ ಸಲ ಅದೇ ತೊಂದರೆಗೆ ಮಗು ಬಾಗಿಲಲ್ಲಿ ನಿಂತಿದೆ ಅಂದ್ರೆ ಮೊದಲು ಅನುಮಾನ ಪಡಬೇಕಾಗಿರೋದು ನಮ್ಮ ಡಯಾಗ್ನೋಸಿಸ್ ಮೇಲೆ. ನಾವು ಮಾಡೋದು ಉಲ್ಟಾ, ಆ್ಯಂಟಿಬಯಾಟಿಕ್ ಬದಲಾಯಿಸ್ತೀವಿ, ಟಾನಿಕ್ ಬದಲಾಯಿಸ್ತೀವಿ, ಕೊನೆಗೆ "ತಾಯಿಗೆ ಸ್ವಲ್ಪ ಗಾಬರಿ ಜಾಸ್ತಿ" ಅಂತ ಮನಸ್ಸಲ್ಲೇ ಬರ್ಕೊಳ್ತೀವಿ.

ಇನ್ನೊಂದು ಕಡೆನೂ ಇದೆ. ಎರಡು ಸಲ ತೋರಿಸಿ ಕಮ್ಮಿ ಆಗದಿದ್ರೆ ಎಷ್ಟೋ ಮನೆಯವರು ಡಾಕ್ಟರ್‌ನ ಬದಲಾಯಿಸ್ತಾರೆ, ಅದು ಅವರ ಹಕ್ಕು, ನಾನು ಬೇಡ ಅನ್ನಲ್ಲ. ಆದ್ರೆ ಹಳೇ ಚೀಟಿ ತಗೊಂಡು ಹೋಗಲ್ಲ, ಅಥವಾ ಹಳೇ ಡಾಕ್ಟರ್ ವಿಷಯ ತೆಗೆದ್ರೆ ಹೊಸಬರು ಬೇಜಾರ್ ಮಾಡ್ಕೋತಾರೇನೋ ಅಂತ ಮುಚ್ಚಿಡ್ತಾರೆ. ಆಗ ಏನಾಗುತ್ತೆ ಅಂದ್ರೆ ಮೂರು ಡಾಕ್ಟರ್‌ಗಳಿಗೂ ಅದು ಮೊದಲನೇ ಭೇಟಿನೇ, ಮೂರು ಜನನೂ ಸಾಮಾನ್ಯ ಕಾಯಿಲೆಯಿಂದಲೇ ಶುರು ಮಾಡ್ತಾರೆ, ಮೂರನೇ ಸಲ ಅನ್ನೋದು ಯಾರ ಲೆಕ್ಕಕ್ಕೂ ಬರೋದೇ ಇಲ್ಲ. ಹಾಗಾಗಿ ಎಲ್ಲಿಗೆ ಬೇಕಾದ್ರೂ ಹೋಗಿ, ಫೈಲ್ ಮಾತ್ರ ಒಂದೇ ಇರ್ಲಿ, ಔಷಧಿ ಬಾಟ್ಲಿಗಳನ್ನೂ ತಗೊಂಡು ಹೋಗಿ. ಬಾಟ್ಲಿ ಯಾಕೆ ಅಂದ್ರೆ, ಕಾರಣ ಗೊತ್ತಾಗದ ಕೀಲುನೋವಿಗೋ ಜ್ವರಕ್ಕೋ ಯಾರಾದ್ರೂ ಸ್ಟೀರಾಯ್ಡ್ ಕೊಟ್ಟಿದ್ರೆ ಲ್ಯುಕೇಮಿಯಾ ಇರೋ ಮಗು ಒಂದಷ್ಟು ದಿನ ಚೆನ್ನಾಗೇ ಆಗ್ಬಿಡುತ್ತೆ, ಯಾಕಂದ್ರೆ ಆ ಕಾಯಿಲೆಗೆ ಕೊಡೋ ಚಿಕಿತ್ಸೆಯಲ್ಲೂ ಸ್ಟೀರಾಯ್ಡ್ ಒಂದು ಭಾಗ. ಮನೆಯವರಿಗೆ ಖುಷಿ, ಡಾಕ್ಟರ್‌ಗೂ ಖುಷಿ, ಒಳಗಡೆ ಕಾಯಿಲೆ ಅಡಗಿ ಕೂತಿರುತ್ತೆ, ಆಮೇಲೆ ಮಾಡಿದ ಪರೀಕ್ಷೆನೂ ಸರಿಯಾಗಿ ಹೇಳಲ್ಲ. ರಕ್ತ ಪರೀಕ್ಷೆ ಮಾಡದೇ ಇಂಥ ಮಗುಗೆ ಸ್ಟೀರಾಯ್ಡ್ ಕೊಡೋದನ್ನ ನಾನಂತೂ ಕ್ಷಮಿಸೋ ತಪ್ಪು ಅಂದ್ಕೊಂಡಿಲ್ಲ.

ಒಂದೊಂದು ಕಾಯಿಲೆ ಬರೋದೇ ಕಂತುಕಂತಾಗಿ. ಕಾವಾಸಾಕಿ ಅಂತ ಒಂದಿದೆ, ಜಪಾನಿನ ಮಕ್ಕಳ ಡಾಕ್ಟರ್ ತೊಮಿಸಾಕು ಕಾವಾಸಾಕಿ 1961ರಲ್ಲಿ ಮೊದಲ ಮಗುನ ನೋಡಿ 1967ರಲ್ಲಿ ಅದನ್ನ ಬರೆದು ಪ್ರಕಟ ಮಾಡಿದ್ರು. ಐದು ದಿನ ಅಥವಾ ಹೆಚ್ಚು ಬಿಡದ ಜ್ವರ, ಕೀವಿಲ್ಲದೇ ಕೆಂಪಾದ ಕಣ್ಣು, ಒಡೆದ ತುಟಿ, ಕೆಂಪು ನಾಲಿಗೆ, ಮೈಮೇಲೆ ಗಂಧೆ, ಊದಿದ ಅಂಗೈ ಅಂಗಾಲು, ಕುತ್ತಿಗೆಯಲ್ಲೊಂದು ಗಂಟು. ಪುಸ್ತಕದಲ್ಲಿ ಎಲ್ಲಾ ಒಂದೇ ಪುಟದಲ್ಲಿ ಇರುತ್ತೆ, ಮಗುವಿನ ಮೈಮೇಲೆ ಸೋಮವಾರ ಬಂದ ಗಂಧೆ ಬುಧವಾರ ಹೋಗಿರುತ್ತೆ, ಕಣ್ಣು ಕೆಂಪಾಗೋ ಹೊತ್ತಿಗೆ ಗಂಧೆ ಇತ್ತು ಅನ್ನೋದೇ ಮರೆತಿರುತ್ತೆ. ಚಿಕಿತ್ಸೆ ಸಿಗದಿದ್ರೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಮಗುಗೆ ಹೃದಯದ ರಕ್ತನಾಳ ಉಬ್ಬುತ್ತೆ, ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಅನ್ನೋ ಪ್ರತಿಕಾಯಗಳ ಡ್ರಿಪ್ ಹಾಕಿದ್ರೆ ಆ ಅಪಾಯ ತುಂಬಾನೇ ಇಳಿಯುತ್ತೆ. ಇಲ್ಲಿ ಕೆಲಸಕ್ಕೆ ಬರೋದು ಫೋನಲ್ಲಿ ತೆಗೆದ ಫೋಟೋ, ದಿನಾಂಕ ಅದರಲ್ಲೇ ಇರುತ್ತೆ, ನಾನು ಕಥೆ ಜೋಡಿಸ್ಬಹುದು.

ಫೋಟೋ ಅಂದ್ರೆ ಇನ್ನೊಂದು. ಹಸುಗೂಸಿಗೆ ಕಾಮಾಲೆ ಎರಡು ವಾರ ಆದ್ಮೇಲೂ ಇದ್ರೆ ಡೈಪರ್‌ನ ಫೋಟೋ ತೆಗೀರಿ, ನಾಚ್ಕೊಳೋಕೆ ಏನಿದೆ ಅದರಲ್ಲಿ. ಮಲ ಹಳದಿನೋ ಹಸಿರೋ ಇದ್ರೆ ಸಮಾಧಾನ, ಸುಣ್ಣದ ಹಾಗೆ ಬಿಳಿ ಅಥವಾ ಬೂದುಬಣ್ಣ ಇದ್ರೆ ಪಿತ್ತರಸ ಕರುಳಿಗೆ ಬರ್ತಿಲ್ಲ ಅಂತ ಅರ್ಥ. ಪಿತ್ತನಾಳ ಮುಚ್ಚಿಹೋಗೋ ಬಿಲಿಯರಿ ಅಟ್ರೀಸಿಯಾಗೆ ಮಾಡೋ ಕಸಾಯ್ ಆಪರೇಷನ್ ಮಗು ಹುಟ್ಟಿ 60 ದಿನದೊಳಗೆ ಆದ್ರೆ ಫಲ ಜಾಸ್ತಿ, ಆಮೇಲೆ ದಿನ ಕಳೆದ ಹಾಗೆ ಲಿವರ್ ಗಟ್ಟಿಯಾಗ್ತಾ ಹೋಗುತ್ತೆ. ತೈವಾನ್‌ನವರು 2004ರಿಂದ ದೇಶದ ಎಲ್ಲಾ ಬಾಣಂತಿಯರ ಕೈಗೂ ಮಲದ ಬಣ್ಣದ ಕಾರ್ಡ್ ಕೊಟ್ರು, ಬಣ್ಣ ಹೋಲಿಸಿ ನೋಡಿ ಹೇಳಿ ಅಂತ, ಅಷ್ಟೇ, ಮಕ್ಕಳು ಬೇಗ ಆಪರೇಷನ್‌ಗೆ ತಲುಪೋಕೆ ಶುರುವಾಯ್ತು. "ತೂಕ ಚೆನ್ನಾಗಿ ಬರ್ತಿದೆ, ಬಿಸಿಲಲ್ಲಿ ಹಿಡೀರಿ ಹೋಗುತ್ತೆ" ಅಂತ ಹೇಳಿ ಕಳಿಸೋ ಬದಲು ಪಿತ್ತ ಹರಿಯದಿದ್ರೆ ರಕ್ತದಲ್ಲಿ ಏರೋ ಡೈರೆಕ್ಟ್ ಬಿಲಿರುಬಿನ್ ಎಷ್ಟಿದೆ ಅಂತ ಒಂದು ಸಲ ನೋಡಿದ್ರೆ ಆಯ್ತು. ಹಾಗೇ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ ಇನ್ನೊಂದು ಪದೇಪದೇ ಬೆಳ್ಳಗೆ ಹೊಳೀತಿದ್ರೆ, ಕ್ಯಾಮೆರಾ ಸರಿ ಇಲ್ಲ ಅಂತ ಬಿಡ್ಬೇಡಿ, ಕಣ್ಣಿನ ಗಡ್ಡೆ ರೆಟಿನೋಬ್ಲಾಸ್ಟೋಮಾ ಮನೆಯವರ ಕಣ್ಣಿಗೆ ಮೊದಲು ಬೀಳೋದು ಎಷ್ಟೋ ಸಲ ಹೀಗೇನೇ.

ಮೂರನೇ ಸಲಕ್ಕೆ ಕಾಯೋ ಹಾಗೇ ಇಲ್ಲದ ಕಾಯಿಲೆನೂ ಇದೆ, ಅದು ಮಕ್ಕಳಲ್ಲಿ ಬರೋ ಸಕ್ಕರೆ ಕಾಯಿಲೆ, ಟೈಪ್ 1 ಡಯಾಬಿಟಿಸ್. ರಾತ್ರಿ ಹಾಸಿಗೆ ಒದ್ದೆ ಮಾಡೋದು ನಿಲ್ಲಿಸಿದ್ದ ಮಗು ಮತ್ತೆ ಶುರು ಮಾಡುತ್ತೆ, ನೀರು ನೀರು ಅನ್ನುತ್ತೆ, ತಿಂದ್ರೂ ಸೊರಗುತ್ತೆ, ಆಮೇಲೆ ವಾಂತಿ, ಏದುಸಿರು. ವಾಂತಿ ನೋಡಿ ಹೊಟ್ಟೆ ಕೆಟ್ಟಿದೆ ಅಂದ್ಕೊಳೋರು ಇದ್ದಾರೆ, ಏದುಸಿರು ನೋಡಿ ನ್ಯುಮೋನಿಯಾ ಅಂತ ಚಿಕಿತ್ಸೆ ಶುರು ಮಾಡೋರೂ ಇದ್ದಾರೆ, ಎದೆಯಲ್ಲಿ ಕಫನೇ ಇರಲ್ಲ, ರಕ್ತ ಆಮ್ಲ ಆಗಿರೋದಕ್ಕೆ ಮಗು ಹಾಗೆ ಉಸಿರಾಡ್ತಿರುತ್ತೆ. ಶುಗರ್ ನೋಡೋ ಗ್ಲುಕೋಮೀಟರ್‌ಗೆ ಬೇಕಾಗೋದು ಒಂದು ಹನಿ ರಕ್ತ, ಒಂದು ನಿಮಿಷನೂ ಬೇಡ. ಇನ್ಸುಲಿನ್ 1922ರಿಂದ ಮನುಷ್ಯರಿಗೆ ಕೊಡ್ತಿದ್ದೀವಿ, ಅಂದಿನ ಮೊದಲ ರೋಗಿನೂ 14 ವರ್ಷದ ಹುಡುಗ, ಇಷ್ಟೆಲ್ಲಾ ಆದ್ಮೇಲೂ ಶುಗರ್ ನೋಡದೇ ಇದ್ದಿದ್ದಕ್ಕೆ ಮಗು ಐಸಿಯು ಸೇರೋದನ್ನ ನೋಡಿದಾಗ ಹೊಟ್ಟೆ ಉರಿಯುತ್ತೆ.

ನಿಧಾನವಾಗಿ ಬರೋ ಕಾಯಿಲೆಯಲ್ಲಿ ಮಜಾ ಬೇರೆ, ಮಜಾ ಅನ್ಬಾರ್ದು, ಆದ್ರೂ. ಡುಶೇನ್ ಅನ್ನೋ ಸ್ನಾಯು ಕಾಯಿಲೆ ಇರೋ ಹುಡುಗ ಮೀನಖಂಡ ದಪ್ಪಗಿದೆ ಅಂತ ಗಟ್ಟಿಮುಟ್ಟಾಗಿ ಕಾಣ್ತಾನೆ, ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಊರಿ ಏಳ್ತಾನೆ, ಎಲ್ಲರೂ ಸೋಮಾರಿ ಅಂತಾರೆ. ಯಾವುದೋ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದ್ರೆ ಲಿವರ್ ಪರೀಕ್ಷೆಯಲ್ಲಿ ನೋಡೋ ಎಸ್‌ಜಿಒಟಿ, ಎಸ್‌ಜಿಪಿಟಿ ಎನ್‌ಜೈಮ್‌ಗಳು ಜಾಸ್ತಿ ಬರುತ್ತೆ, ಲಿವರ್ ತೊಂದರೆ ಅಂತ ತಿಂಗಳುಗಟ್ಟಲೆ ಓಡಾಟ. ಆ ಎನ್‌ಜೈಮ್ ಸ್ನಾಯುವಿನಿಂದಲೂ ಬರುತ್ತೆ, ಸಿಪಿಕೆ ಅಂತ ಸ್ನಾಯುವಿನ ಎನ್‌ಜೈಮ್ ನೋಡೋ ಒಂದು ಪರೀಕ್ಷೆ ಮಾಡಿದ್ರೆ ಸಾವಿರಗಟ್ಟಲೆ ತೋರಿಸುತ್ತೆ, ಅಲ್ಲಿಗೆ ಲಿವರ್ ವಿಷಯ ಮುಗೀತು.

ಡಯಾಗ್ನೋಸಿಸ್ ಹೇಳಿದ ದಿನ ಬಹುತೇಕ ಅಪ್ಪ ಅಮ್ಮ ಮೊದಲು ಕೇಳೋ ಪ್ರಶ್ನೆ ಬದುಕ್ತಾನಾ ಅಂತ, ಎರಡನೇದು "ಮೊದಲೇ ಬಂದಿದ್ರೆ?" ಆ ಹುಡುಗನ ತಾಯಿ ಎರಡನೇದನ್ನೇ ಮೊದಲು ಕೇಳಿದ್ರು. ಮೊದಲೇ ಬಂದಿದ್ರಲ್ಲಮ್ಮ, ಎರಡು ಸಲ ಬಂದಿದ್ರಿ, ನೋಡದೇ ಇದ್ದಿದ್ದು ನಾನು ಅಂತ ಹೇಳ್ದೆ, ಹೇಳೋಕೆ ಸುಲಭ ಇರ್ಲಿಲ್ಲ. ಅವರ ಮಗನ ಕಾಯಿಲೆಯಲ್ಲಿ ಫಲಿತಾಂಶ ಕೆಲವು ವಾರ ತಡ ಆಯ್ತು ಅನ್ನೋದರ ಮೇಲಷ್ಟೇ ನಿಂತಿರಲ್ಲ, ಮಗುವಿನ ವಯಸ್ಸು, ಬಿಳಿ ರಕ್ತಕಣದ ಸಂಖ್ಯೆ, ಕ್ಯಾನ್ಸರ್ ಕಣದ ಜೀನ್, ಮೊದಲ ತಿಂಗಳ ಚಿಕಿತ್ಸೆಗೆ ಹೇಗೆ ಸ್ಪಂದಿಸುತ್ತೆ ಅನ್ನೋದು ಮುಖ್ಯ ಅಂತಾನೂ ಹೇಳ್ದೆ, ಅದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜ. ಆದ್ರೆ ಎಲ್ಲಾ ಕಾಯಿಲೆಯಲ್ಲೂ ಹಾಗೆ ಹೇಳೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 80%ಗೂ ಹೆಚ್ಚು ಗುಣ ಆಗ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30%ಗೂ ಕಮ್ಮಿ, ಅದಕ್ಕೆ ಅವರು ಕೊಡೋ ಕಾರಣಗಳಲ್ಲಿ ತಡವಾದ, ತಪ್ಪಾದ ಡಯಾಗ್ನೋಸಿಸ್ ಕೂಡ ಇದೆ.

ಮನೆಯವರು ಏನ್ಮಾಡ್ಬಹುದು ಅಂತ ಕೇಳ್ತಾರೆ. ರೋಗ ಹುಡುಕೋದು ನಿಮ್ಮ ಕೆಲಸ ಅಲ್ಲ, ರಾತ್ರಿಯೆಲ್ಲಾ ಇಂಟರ್ನೆಟ್ ಹುಡುಕಿ ಮೂರು ಕಾಯಿಲೆ ಹೆಸರು ತರೋ ಬದಲು ಮಗು ಹೇಗೆ ಬದಲಾಗಿದೆ ಅನ್ನೋ ಒಂದು ವಾಕ್ಯ ತನ್ನಿ, ಎತ್ಕೋ ಅಂತಾನೆ ಅನ್ನೋ ಥರದ್ದು. ಎದ್ದು ಹೋಗೋ ಮುಂಚೆ ಡಾಕ್ಟರ್ ಹತ್ರ ಕೇಳಿ, ಎಷ್ಟು ದಿನದಲ್ಲಿ ಕಮ್ಮಿ ಆಗ್ಬೇಕು, ಏನು ಕಂಡ್ರೆ ಕಾಯದೇ ಬರ್ಬೇಕು ಅಂತ. ಬೈತಾರೆ ಅಂತ ಹೆದರ್ಬೇಡಿ, ಬೈಸ್ಕೊಂಡ್ರೂ ನಷ್ಟ ಇಲ್ಲ. ಇಂಗ್ಲೆಂಡಿನಲ್ಲಿ 2024ರಿಂದ ಮಾರ್ಥಾಸ್ ರೂಲ್ ಅಂತ ಆಸ್ಪತ್ರೆಗಳಲ್ಲಿ ತರ್ತಿದ್ದಾರೆ, ಮಗುವಿನ ಸ್ಥಿತಿ ಕೆಡ್ತಿದೆ ಅಂತ ಮನೆಯವರಿಗೆ ಅನ್ನಿಸಿದ್ರೆ ಬೇರೆ ತಂಡದವರನ್ನ ತಾವೇ ಕರೆಸಿ ನೋಡಿಸ್ಬಹುದು. ಮಾರ್ಥಾ ಅನ್ನೋ 13 ವರ್ಷದ ಒಬ್ಬ ಹುಡುಗಿ ಸೆಪ್ಸಿಸ್‌ನಿಂದ, ಅಂದ್ರೆ ಸೋಂಕು ಮೈಯೆಲ್ಲಾ ಕೆಡಿಸಿ, ತೀರಿಹೋದ್ಮೇಲೆ ಅವಳ ಅಪ್ಪ ಅಮ್ಮ ಹೋರಾಡಿ ತಂದಿದ್ದು ಅದು.

ನನ್ನ ಕ್ಲಿನಿಕ್‌ನಲ್ಲಿ ಈಗ ಒಳಗೆ ಬಿಡೋ ಮುಂಚೆನೇ ಸಿಸ್ಟರ್ ಕೇಳ್ತಾರೆ, "ಇದೇ ತೊಂದರೆಗೆ ಎಷ್ಟನೇ ಸಲ, ಎಲ್ಲೆಲ್ಲಿ ತೋರಿಸಿದ್ರಿ?" ಅಂತ, ಚೀಟಿ ಮೂಲೆಯಲ್ಲಿ ಕೆಂಪು ಪೆನ್ನಲ್ಲಿ ನಂಬರ್ ಬರೀತಾರೆ. 3 ಅಂತ ಕಂಡ್ರೆ ಹಳೇ ಡಯಾಗ್ನೋಸಿಸ್ ಬದಿಗಿಟ್ಟು ಮಗುನ ಬಟ್ಟೆ ಬಿಚ್ಚಿಸಿ ತಲೆಯಿಂದ ಕಾಲಿನವರೆಗೂ ನೋಡ್ತೀನಿ, ಬೇಕಾದ್ರೆ ರಕ್ತ ಕಳಿಸ್ತೀನಿ. ಹೋದ ವಾರ ಒಂದು ಮಗು ಕೆಮ್ಮಿಗೆ ಮೂರನೇ ಸಲ ಬಂದಿತ್ತು, ಅರ್ಧ ಗಂಟೆ ಹಿಡೀತು, ಎಕ್ಸ್‌ರೇ, ಸಿಬಿಸಿ ಎಲ್ಲಾ ನಾರ್ಮಲ್, ಬರೀ ಕೆಮ್ಮು. ಇಷ್ಟಕ್ಕೆ ಮಗುಗೆ ಸೂಜಿ ಚುಚ್ಚಬೇಕಿತ್ತಾ ಅಂತ ಅವರಪ್ಪ ಮುಖ ಗಂಟು ಹಾಕ್ಕೊಂಡು ಹೋದ್ರು. ಹೋಗ್ಲಿ ಬಿಡಿ.