ಹವಳದ ಬುಡದಲ್ಲಿ ಎದ್ದ ಕಂದು ಹೂವನ್ನು ಕೀಳಬಹುದಾ?

ಪ್ರಶ್ನೆ: ಮನೆಯ ಉಪ್ಪುನೀರಿನ ಟ್ಯಾಂಕಿಗೆ ಹೊಸ ಹವಳ ತಂದು ಮೂರು ವಾರ ಆಯಿತು. ಅದರ ಬುಡದಲ್ಲಿ ಪುಟ್ಟ ತೆಂಗಿನಮರದಂಥ ಕಂದು ಬಣ್ಣದ್ದೇನೋ ಎದ್ದಿತ್ತು. ಚಿಮಟದಿಂದ ಕಿತ್ತು ಬಿಸಾಕಿದೆ. ಈಗ ಆರು ಇವೆ! ಏನು ಮಾಡಲಿ? ಇನ್ನೊಂದು, ಬೆಂಗಳೂರಿನ ತಮ್ಮನಿಗೂ ಈ ಹವಳದ ಒಂದು ಚೂರು ಒಯ್ಯಬಹುದಾ?
(ಟೆಕ್ಸಸ್‌ನಿಂದ ಒಬ್ಬ ಓದುಗರು)

ಉತ್ತರ: ಕೀಳಬಾರದಿತ್ತು. ಇರಲಿ, ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ. ಅದು ಐಪ್ಟೇಸಿಯಾ, ಹೂವಿನಂತೆ ಕಾಣುವ ಕಡಲ ಪ್ರಾಣಿಗಳಾದ ಸೀ ಅನಿಮೋನ್‌ಗಳಲ್ಲಿ ಒಂದು ಬಗೆ. ರಕ್ತಬೀಜಾಸುರನ ಕಥೆ ಗೊತ್ತಲ್ವಾ, ಹಾಗೇ ಇದು: ಪಾದದ ಒಂದು ಚೂರು ಕಲ್ಲಿಗೆ ಅಂಟಿಕೊಂಡು ಉಳಿದರೂ ಅದೇ ಇನ್ನೊಂದಾಗಿ ಬೆಳೆಯುತ್ತದೆ. ತನ್ನ ಪಾಡಿಗೆ ಇದ್ದಿದ್ದರೆ ಬಿಡಬಹುದಿತ್ತು, ಆದರೆ ಪಕ್ಕದ ಹವಳವನ್ನು ಕುಟುಕಿ ಕುಟುಕಿ ಜಾಗ ಕಿತ್ತುಕೊಳ್ಳುತ್ತದೆ.

ಅವು ಹವಳ ಕೂತಿರುವ ಪ್ಲಗ್ (ಹವಳ ಅಂಟಿಸಿ ಮಾರುವ ಪುಟ್ಟ ಬಿಲ್ಲೆ) ಮೇಲೆ ಮಾತ್ರ ಇದ್ದರೆ ನಿಮ್ಮ ಅದೃಷ್ಟ. ಹವಳವನ್ನು ಪ್ಲಗ್‌ನಿಂದ ಕತ್ತರಿಸಿ, ಸೂಪರ್‌ಗ್ಲೂ ಜೆಲ್‌ನಲ್ಲಿ ಹೊಸ ಪ್ಲಗ್‌ಗೆ ಅಂಟಿಸಿ, ಹಳೆಯದನ್ನು ಕಸಕ್ಕೆ ಹಾಕಿ. ಟ್ಯಾಂಕಿನ ಕಲ್ಲಿಗೆ ಹಬ್ಬಿದ್ದರೆ ಸುಣ್ಣ. ತಮಾಷೆ ಅಲ್ಲ. ಕ್ಯಾಲ್ಕ್‌ವಾಸರ್ ಅಂತ ಮಾರುವುದು ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಹಾಗಂತ ಅಜ್ಜಿಯ ಡಬ್ಬಿಗೆ ಕೈ ಹಾಕಬೇಡಿ, ಅಕ್ವೇರಿಯಂಗೆಂದೇ ಬರುವ ಶುದ್ಧ ಪುಡಿ ತನ್ನಿ. ಪಂಪ್ ನಿಲ್ಲಿಸಿ, ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಸಿರಿಂಜ್‌ನಲ್ಲಿ ತುಂಬಿ, ಐಪ್ಟೇಸಿಯಾಕ್ಕೆ ತಾಗಿಸದೆ (ತಾಗಿದರೆ ಸರಕ್ಕನೆ ಬಿಲ ಸೇರುತ್ತದೆ) ನಿಧಾನವಾಗಿ ಬಾಯಿಯ ಮೇಲೆ ಸುರಿದು ಮುಚ್ಚಿಬಿಡಿ, ಹತ್ತಿಪ್ಪತ್ತು ನಿಮಿಷ ನೀರು ಅಲುಗಾಡದಿರಲಿ. ಒಂದೇ ದಿನ ಆರನ್ನೂ ಮುಗಿಸಲು ಹೋಗಬೇಡಿ, ನೀರಿನ ಪಿಎಚ್ ಏರುತ್ತದೆ. ದಿನಕ್ಕೆ ಎರಡು ಸಾಕು.

ಪೆಪ್ಪರ್‌ಮಿಂಟ್ ಸೀಗಡಿ ಬಿಟ್ಟರೆ ತಿಂದುಹಾಕುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ಕೆಲವು ತಿನ್ನುತ್ತವೆ, ಕೆಲವು ಸುಮ್ನೆ ಓಡಾಡಿಕೊಂಡಿರುತ್ತವೆ. ಅದರ ಹೆಸರಿನಲ್ಲಿ ಕ್ಯಾಮೆಲ್ ಸೀಗಡಿ ಕೊಟ್ಟರಂತೂ ಅದು ಹವಳವನ್ನೇ ಮೇಯುತ್ತದೆ, ಬೆನ್ನ ಮೇಲೆ ಗೂನು ಇದ್ದರೆ ತಗೋಬೇಡಿ. ನನಗೆ ನಂಬಿಕೆ ಇರುವುದು ಬರ್ಘಿಯಾ ಅನ್ನೋ ಪುಟ್ಟ ಚಿಪ್ಪಿಲ್ಲದ ಬಸವನಹುಳದ ಮೇಲೆ. ಅದರ ಊಟವೇ ಐಪ್ಟೇಸಿಯಾ. ಆದರೆ ಆರಕ್ಕೆಲ್ಲ ಅದು ಬೇಡ, ಅವು ಮುಗಿದ ಮೇಲೆ ಪಾಪ ಉಪವಾಸ ಸಾಯುತ್ತದೆ.

ಮುಂದಿನ ಸಲ ನರ್ಸರಿಯಿಂದ ತಂದ ದಾಸವಾಳವನ್ನು ಹಿಟ್ಟು ತಿಗಣೆಗಾಗಿ ತಿರುವಿ ನೋಡ್ತೀವಲ್ಲ, ಹಾಗೆ ಹವಳವನ್ನೂ ನೋಡಿ. ಟ್ಯಾಂಕಿನದೇ ನೀರು ತುಂಬಿದ ಬಕೆಟ್‌ನಲ್ಲಿ ಡಿಪ್ (ಹವಳದ ಹುಳ ಕೊಲ್ಲುವ ಔಷಧಿ) ಬೆರೆಸಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಹವಳವನ್ನು ಅದ್ದಿಡಿ, ಇನ್ನೊಂದು ಬಕೆಟ್‌ನಲ್ಲಿ ತೊಳೆಯಿರಿ. ಆ ನೀರು ಟ್ಯಾಂಕಿಗೆ ವಾಪಸ್ ಹೋಗಕೂಡದು. ಜಾಸ್ತಿ ಜನ ಎಡವುವುದು ಇದಾದ ಮೇಲೆ: ಡಿಪ್‌ಗೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಅಕ್ರೊಪೊರಾ ಹವಳವನ್ನು ತಿನ್ನುವ ಚಪ್ಪಟೆ ಹುಳುಗಳ ಮೊಟ್ಟೆ ಬುಡದಲ್ಲೇ ಇರುತ್ತದೆ, ಹಾಗಾಗಿ ಕಂಡಿದ್ದನ್ನು ಕೆರೆದು ತೆಗೆಯಬೇಕು. ಬೇರೆ ಪುಟ್ಟ ಟ್ಯಾಂಕಿನಲ್ಲಿ ನಾಲ್ಕಾರು ವಾರ ಇಟ್ಟು, ವಾರಕ್ಕೊಮ್ಮೆ ಡಿಪ್ ಮಾಡುವುದು ಬೇಜಾರಿನ ಕೆಲಸ, ಆದರೂ ಮಾಡಿ.

ಕಂಡದ್ದನ್ನೆಲ್ಲ ಕೊಲ್ಲಬೇಡಿ. ಬ್ರಿಸಲ್ ಹುಳುಗಳು ನೋಡಲು ಕಂಬಳಿಹುಳದಂತಿದ್ದರೂ ಬಹುಪಾಲು ಮೀನು ಬಿಟ್ಟ ಊಟ ತಿಂದು ಟ್ಯಾಂಕ್ ಚೊಕ್ಕಟ ಮಾಡುತ್ತವೆ. ಬರಿಗೈಲಿ ಮಾತ್ರ ಮುಟ್ಟಬೇಡಿ, ಮುಳ್ಳು ಚುಚ್ಚಿಕೊಳ್ಳುತ್ತದೆ. ಗುಂಡಿಯಂತೆ ಗುಂಪಾಗಿ ಬೆಳೆಯುವ, ಹವಳದ ನೆಂಟರಾದ ಜೋವಾಂಥಿಡ್, ಪ್ಯಾಲಿಥೋವಾ ಕತ್ತರಿಸುವಾಗಂತೂ ಕೈಗವಸು, ಕನ್ನಡಕ ಎರಡೂ ಬೇಕು. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರಬಹುದು. ಅವು ಅಂಟಿದ ಕಲ್ಲನ್ನು ಕುದಿಸುವುದಂತೂ ಬೇಡವೇ ಬೇಡ, ಆ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಇನ್ನು ತಮ್ಮನ ವಿಷಯ. ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿ ಇದೆಯಲ್ಲ, ಗಟ್ಟಿ ಹವಳಗಳೂ ಅದರಲ್ಲೇ ಇವೆ. ಅವನಿಗೆ ಫೋಟೋ ಕಳಿಸಿ ಸಾಕು.