ಕಾರ್ ಎಸಿ ಪಾರ್ಟ್: ಹೊಸದು ಹಾಕಬೇಕಾ, ರಿಕಂಡಿಷನ್ ಸಾಕಾ?

ಎಸಿ ಪಾಠ ಓದಿದವರಿಗೆ ಗ್ಯಾಸ್ ಹೇಗೆ ಸುತ್ತುತ್ತದೆ ಅನ್ನೋದು ಗೊತ್ತಿರುತ್ತದೆ. ಆದರೆ ಕಲಬುರಗಿಯ ಗ್ಯಾರೇಜಿನಲ್ಲಿ ಏಪ್ರಿಲ್ ಬಂತು ಅಂದರೆ ಗಿರಾಕಿ ಕೇಳೋದು ಬೇರೆಯೇ. "ಅಣ್ಣಾ, ಹೊಸಾದು ಭಾಳ ತುಟ್ಟಿ ಆಗ್ತದ. ರಿಕಂಡಿಷನ್ ಹಾಕಿದ್ರ ನಡೀತದೇನ್ರಿ?" ರಿಕಂಡಿಷನ್ ಅಂದರೆ ಬಳಸಿದ ಹಳೇ ಪಾರ್ಟನ್ನು ರಿಪೇರಿ ಮಾಡಿ ಮತ್ತೆ ಮಾರೋದು. ಗಿರಾಕಿಯ ಈ ಪ್ರಶ್ನೆಗೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಕೊಡೋಕೆ ಬರಲ್ಲ. ಹಳೇ ಪಾರ್ಟ್ ಹೇಗೆ ಕೆಟ್ಟಿತು ಅಂತ ನಾವು ಮೊದಲು ನೋಡಬೇಕು. ಆಯ್ಕೆ ಅಲ್ಲಿಂದಲೇ ಶುರು.

ಚರ್ಚೆಯೇ ಬೇಡದ ಪಾರ್ಟ್‌ಗಳು

ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ (ತಂಪು ಮಾಡುವ ಕಡೆಗೆ ಗ್ಯಾಸನ್ನು ಅಳೆದು ಬಿಡುವ ವಾಲ್ವ್), ಓ-ರಿಂಗ್ (ಪೈಪಿನ ಜೋಡಣೆ ಸೋರದಂತೆ ಕೂರುವ ರಬ್ಬರ್ ಬಳೆ). ಈ ಮೂರನ್ನು ಯಾವಾಗಲೂ ಹೊಸದೇ ಹಾಕಿ. ಡ್ರೈಯರ್ ಒಳಗೆ ತೇವ ಹೀರುವ ಕಾಳುಗಳಿರುತ್ತವೆ. ಗ್ಯಾಸ್ ಲೈನ್ ಬಿಚ್ಚಿದ ಕ್ಷಣದಿಂದ ಅವು ಹೊರಗಿನ ಗಾಳಿಯ ತೇವವನ್ನೇ ಹೀರೋಕೆ ಶುರು ಮಾಡುತ್ತವೆ. ನಮ್ಮ ಕಡೆ ಮೇ ತಿಂಗಳ ಒಣ ಗಾಳಿಯಲ್ಲಿ ಸ್ವಲ್ಪ ನಿಧಾನ, ಆಗಸ್ಟ್ ಮಳೆಯಲ್ಲಿ ಬೇಗ. ಅಷ್ಟೇ ವ್ಯತ್ಯಾಸ. ಹೊಸ ಡ್ರೈಯರಿನ ಮುಚ್ಚಳವನ್ನು ಕೂಡ ಎಲ್ಲ ಕೆಲಸ ಮುಗಿದ ಮೇಲೆ, ವ್ಯಾಕ್ಯೂಮ್ ಹಾಕುವ (ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯುವ) ಮೊದಲು ತೆಗೆಯಬೇಕು. ಬೆಳಿಗ್ಗೆನೇ ಬಿಚ್ಚಿ ಬೆಂಚಿನ ಮೇಲೆ ಇಟ್ಟರೆ ಹೊಸದು ತಂದದ್ದು ಸುಮ್ನೆ ದಂಡ.

ಎಕ್ಸ್‌ಪಾನ್ಷನ್ ವಾಲ್ವಿನ ತೂತು ಸಣ್ಣದು. ಅದರೊಳಗೆ ಚೂರು ಸಿಕ್ಕಿದೆಯೋ ಇಲ್ಲವೋ ಹೊರಗಿನಿಂದ ಕಾಣಲ್ಲ. ತೊಳೆದು ಮತ್ತೆ ಹಾಕುವವರು ಇದ್ದಾರೆ. ನನ್ನ ಪ್ರಕಾರ ಅದು ಉಳಿತಾಯ ಅಲ್ಲ.

ಕಾರಿನೊಳಗಿನ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಸೋರಿದರೆ ಅದೂ ಹೊಸದೇ. ತೆಳು ಅಲ್ಯೂಮಿನಿಯಂಗೆ ಹಾಕಿದ ತೇಪೆ ಹೆಚ್ಚು ದಿನ ನಿಲ್ಲಲ್ಲ. ಮೇಲಾಗಿ ಅದನ್ನು ತೆಗೆಯೋಕೆ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡೇ ಬಿಚ್ಚಬೇಕು. ಆ ಕೆಲಸ ಎರಡು ಸಲ ಯಾರಿಗೆ ಬೇಕು? ಹೋಸ್ ಮಾತ್ರ ಬೇರೆ ಲೆಕ್ಕ. ಹಳೇ ಫಿಟ್ಟಿಂಗ್ ಉಳಿಸಿಕೊಂಡು, ಎಸಿ ಗ್ಯಾಸಿಗೆ ಅಂತಲೇ ಮಾಡಿದ ಹೊಸ ಹೋಸನ್ನು ಮೆಶಿನ್‌ನಲ್ಲಿ ಒತ್ತಿ ಬಿಗಿದು ಕ್ರಿಂಪ್ ಮಾಡಿಸಿದರೆ ಅದು ಧಾರಾಳವಾಗಿ ನಡೆಯುತ್ತದೆ.

ಕಂಪ್ರೆಸರ್ ಹೇಗೆ ಸತ್ತಿತು?

ಹೊಸದಾ ರಿಕಂಡಿಷನ್ನಾ ಅನ್ನುವ ನಿಜವಾದ ಪ್ರಶ್ನೆ ಬರೋದು ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ಮಾತ್ರ. ಅದು ಸಾಮಾನ್ಯವಾಗಿ ಮೂರು ರೀತಿ ಕೆಡುತ್ತದೆ.

ಮೊದಲನೆಯದು ಕ್ಲಚ್, ಅಂದರೆ ಬೆಲ್ಟಿನ ಪುಲ್ಲಿಗೆ ಕಂಪ್ರೆಸರನ್ನು ಹಿಡಿಸಿ ಬಿಡಿಸುವ ಭಾಗ. ಪುಲ್ಲಿ ಬೇರಿಂಗ್ ಸದ್ದು ಮಾಡುತ್ತದೆ, ಇಲ್ಲವೇ ಕ್ಲಚ್ಚಿನ ಕಾಯಿಲ್ (ಅಯಸ್ಕಾಂತದ ತಂತಿ ಸುತ್ತು) ಸುಟ್ಟು ಪ್ಲೇಟ್ ಹಿಡಿಯಲ್ಲ. ಮೀಟರ್ ಹಿಡಿದು ನೋಡಿ. 12 ವೋಲ್ಟ್ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಟ್ ಆಗಿದೆ. ಕಾಯಿಲ್ ಸರಿ ಇದ್ದೂ ಬಿಸಿಯಾದ ಮೇಲೆ ಹಿಡಿಯೋದು ಬಿಟ್ಟರೆ ಪ್ಲೇಟಿನ ಗ್ಯಾಪ್ ಜಾಸ್ತಿ ಆಗಿರಬಹುದು. ಫೀಲರ್ ಗೇಜ್ ಹಾಕಿ ಅಳೆಯಿರಿ. ಬಹಳ ಕಂಪ್ರೆಸರ್‌ಗಳಲ್ಲಿ ಅದು ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು. ಒಂದು ಶಿಮ್ (ಗ್ಯಾಪ್ ಹೊಂದಿಸುವ ತೆಳು ಬಿಲ್ಲೆ) ತೆಗೆದರೆ ಕೆಲಸ ಮುಗಿಯಬಹುದು. ಇಲ್ಲಿ ಗ್ಯಾಸ್ ಲೈನ್ ಮುಟ್ಟುವ ಪ್ರಮೇಯವೇ ಇಲ್ಲ. ಇಷ್ಟಕ್ಕೆ ಇಡೀ ಕಂಪ್ರೆಸರ್ ಬದಲಿಸಿ ಅನ್ನೋದು ಗಿರಾಕಿಗೆ ಮೋಸ.

ಎರಡನೆಯದು ಶಾಫ್ಟ್ ಸೀಲ್, ಅಂದರೆ ಕಂಪ್ರೆಸರಿನ ತಿರುಗುವ ಶಾಫ್ಟಿನ ಸುತ್ತಲಿನ ಸೀಲ್ ಸೋರಿಕೆ. ಕ್ಲಚ್ ಪ್ಲೇಟಿನ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ನಮ್ಮ ಕರಿ ಮಣ್ಣಿನ ಧೂಳು ಮೆತ್ತಿಕೊಂಡಿರುತ್ತದೆ. ತಿಂಗಳುಗಟ್ಟಲೆ ಎಸಿ ಹಾಕದೆ ನಿಲ್ಲಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ಎಣ್ಣೆ ಓಡಾಡದೆ ಸೀಲ್ ಒಣಗುತ್ತದೆ. ಒಳಗಿನ ಪಿಸ್ಟನ್ ಸರಿಯಾಗೇ ಇರುತ್ತದೆ. ಹಳೇ ಎಣ್ಣೆಯನ್ನು ಒಂದು ಬಿಳಿ ಬಟ್ಟೆ ಮೇಲೆ ಸುರಿದು ನೋಡಿ. ತಿಳಿಯಾಗಿದ್ದು, ಲೋಹದ ಪುಡಿ ಇಲ್ಲದಿದ್ದರೆ ಸೀಲ್ ಕಿಟ್ ಹಾಕಿಸಬಹುದು, ಒಳ್ಳೆಯ ರಿಕಂಡಿಷನ್ ಕಂಪ್ರೆಸರನ್ನೂ ಹಾಕಬಹುದು.

ಮೂರನೆಯದು ಒಳಗೇ ಜಾಮ್ ಆಗೋದು. ಬಟ್ಟೆ ಮೇಲೆ ಎಣ್ಣೆ ಕಪ್ಪಗೆ, ಪೇಸ್ಟಿನ ಹಾಗೆ ಬೀಳುತ್ತದೆ. ಬಿಸಿಲಿಗೆ ಹಿಡಿದರೆ ಅಲ್ಯೂಮಿನಿಯಂ ಪುಡಿ ಮಿನುಗುತ್ತದೆ. ಇಲ್ಲಿ ಕಂಪ್ರೆಸರಿನದು ಮಾತ್ರ ತೊಂದರೆ ಅಂತ ತಿಳಿಯಬೇಡಿ. ಆ ಪುಡಿ ಆಗಲೇ ಗ್ಯಾಸಿನ ಬಿಸಿ ಹೊರಗೆ ಬಿಡುವ ಕಂಡೆನ್ಸರ್ ತಲುಪಿರುತ್ತದೆ. ಈಗಿನ ಕಂಡೆನ್ಸರ್‌ಗಳಲ್ಲಿ ಚಪ್ಪಟೆ ಪಟ್ಟಿಗಳ ಒಳಗೆ ಬಹಳ ಸಣ್ಣ ದಾರಿಗಳು ಸಾಲಾಗಿ ಇರುತ್ತವೆ. ತೊಳೆಯೋಕೆ ಅಂತ ಫ್ಲಶ್ ಹಾಕಿದರೆ ದ್ರವ ತೆರೆದಿರುವ ದಾರಿ ಹಿಡಿದು ಹೋಗಿಬಿಡುತ್ತದೆ, ಕಟ್ಟಿದ್ದು ಕಟ್ಟಿಕೊಂಡೇ ಇರುತ್ತದೆ. ಹಳೇ ಕಾಲದ ದುಂಡು ಪೈಪಿನ ಕಂಡೆನ್ಸರ್ ಆದರೆ ತೊಳೆಯಬಹುದಿತ್ತು. ಹಾಗಾಗಿ ಈ ಕೇಸಿನಲ್ಲಿ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪಾನ್ಷನ್ ವಾಲ್ವ್ ಮೂರೂ ಹೊಸದು ಬೇಕು. ಬಹಳ ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರಿನ ಪಕ್ಕಕ್ಕೇ ಸೇರಿಕೊಂಡಿರುತ್ತದೆ. ಹೋಸ್, ಪೈಪ್, ಕೂಲಿಂಗ್ ಕಾಯಿಲ್ ಫ್ಲಶ್ ಮಾಡಿ.

ಗಿರಾಕಿಯ ಹತ್ತಿರ ದುಡ್ಡು ಕಡಿಮೆ ಇದೆ ಅಂದುಕೊಳ್ಳಿ. ಹೊಸ ಕಂಪ್ರೆಸರ್ ಹಾಕಿ ಹಳೇ ಕಂಡೆನ್ಸರ್ ಬಿಡೋದಾ? ರಿಕಂಡಿಷನ್ ಕಂಪ್ರೆಸರ್ ಹಾಕಿ ಕಂಡೆನ್ಸರ್ ಹೊಸದು ಹಾಕೋದಾ? ನಾನು ಎರಡನೆಯದನ್ನೇ ಹೇಳುತ್ತೇನೆ. ಕಟ್ಟಿಕೊಂಡ ಕಂಡೆನ್ಸರಿನ ಮುಂದೆ ಎಂಥ ಹೊಸ ಕಂಪ್ರೆಸರೂ ಬಾಳಲ್ಲ.

ರಿಕಂಡಿಷನ್ ಅಂತ ಕೊಟ್ಟಾಗ ಏನು ನೋಡಬೇಕು

ಗುಜರಿ ಕಾರಿನಿಂದ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಸಿಲ್ವರ್ ಪೇಂಟ್ ಹೊಡೆದದ್ದೂ ಇದೇ ಹೆಸರಲ್ಲಿ ಮಾರಾಟ ಆಗುತ್ತದೆ. ಪೂರ್ತಿ ಬಿಚ್ಚಿ, ಸೀಲು, ಬೇರಿಂಗು, ಸವೆದ ಪ್ಲೇಟು ಎಲ್ಲ ಬದಲಿಸಿ, ಲೀಕ್ ಟೆಸ್ಟ್ ಮಾಡಿದ್ದೂ ಇದೇ ಹೆಸರಲ್ಲಿ ಬರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಹೊಳೆಯುತ್ತವೆ. ಅದಕ್ಕೇ ಏನೇನು ಬದಲಿಸಿದ್ದೀರಿ ಅಂತ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಅಂಗಡಿ ಬದಲಿಸಿ.

ಗ್ಯಾಸ್ ಹೋಗಿ ಬರುವ ಎರಡೂ ಬಾಯಿಗೆ ಗಟ್ಟಿ ಮುಚ್ಚಳ ಇರಬೇಕು. ಬರೇ ಟೇಪ್ ಸುತ್ತಿದ್ದರೆ ಒಳಗೆ ತೇವ ಸೇರಿದೆ ಅಂತಲೇ ಲೆಕ್ಕ. ಒಳ್ಳೆಯವರು ಒಳಗೆ ಸ್ವಲ್ಪ ನೈಟ್ರೋಜನ್ ತುಂಬಿ ಕಳಿಸುತ್ತಾರೆ, ಮುಚ್ಚಳ ಸಡಿಲಿಸಿದಾಗ ಸುಸ್ಸ್ ಅನ್ನಬೇಕು. ಕ್ಲಚ್ ಪ್ಲೇಟನ್ನು ಕೈಯಲ್ಲಿ ತಿರುಗಿಸಿ. ಎಲ್ಲೂ ತಡೆಯದೆ ಒಂದೇ ಸಮ ತಿರುಗಬೇಕು. ಬಾಯಿಗೆ ಬೆರಳಿಟ್ಟು ಒತ್ತಡ ನೋಡುವ ಅಭ್ಯಾಸ ಇದೆ, ಅಲ್ವಾ? ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ತಾನಾಗಿ ಕಡಿಮೆ ಜಾಸ್ತಿ ಆಗುವ ಕಂಪ್ರೆಸರ್‌ಗಳಿಗೆ ಅದು ಹೊಂದಲ್ಲ. ಅವು ಕೈಯಲ್ಲಿ ತಿರುಗಿಸಿದಾಗ ಒತ್ತಡ ಕೊಡದಿದ್ದರೂ ಸರಿಯಾಗೇ ಇರಬಹುದು. ಇನ್ನು ಪುಲ್ಲಿಯ ಗೆರೆ ಎಷ್ಟು, ಕನೆಕ್ಟರ್ ಯಾವುದು, ಬೋಲ್ಟ್ ಜಾಗ ಎಲ್ಲಿ ಅನ್ನೋದನ್ನು ಹಳೇದರ ಪಕ್ಕದಲ್ಲಿ ಇಟ್ಟೇ ಹೋಲಿಸಿ.

ವಾರಂಟಿ ವಿಷಯ. ಹೈದರಾಬಾದಿನಿಂದ ತರಿಸಿದ ಮಾಲು ಅಗ್ಗ ಇರಬಹುದು. ಕೆಟ್ಟರೆ ವಾಪಸ್ ಕಳಿಸೋಕೆ 200 ಕಿಲೋಮೀಟರಿಗೂ ಜಾಸ್ತಿ ದೂರ. ಅಂಗಡಿಯವರು ವಾರಂಟಿಯಲ್ಲಿ ಕೊಡೋದು ಕೆಟ್ಟ ಪಾರ್ಟಿಗೆ ಬದಲಿ ಪಾರ್ಟ್ ಅಷ್ಟೇ. ಮತ್ತೆ ಹಾಕುವ ಗ್ಯಾಸ್, ಎಣ್ಣೆ, ಕೂಲಿ ಎಲ್ಲ ನಮ್ಮ ತಲೆ ಮೇಲೆ. ಹೊಸದಕ್ಕೂ ರಿಕಂಡಿಷನ್‌ಗೂ ಕೂಲಿ ಒಂದೇ ಆದ್ದರಿಂದ, ಇಡೀ ಬಿಲ್ಲಿನಲ್ಲಿ ಉಳಿಯೋದು ಎಷ್ಟು ಅಂತ ಲೆಕ್ಕ ಹಾಕಿ ಆಮೇಲೆ ಮಾತಾಡಿ. ಬರೇ ಪಾರ್ಟಿನ ರೇಟ್ ನೋಡಿ ಅಲ್ಲ.

ಎಲೆಕ್ಟ್ರಿಕ್ ಕಾರಿನ ಕಂಪ್ರೆಸರಿಗೆ ಈ ಮಾತು ಯಾವುದೂ ಅನ್ವಯಿಸಲ್ಲ. ಅದರ ಮೋಟಾರು ಹೈ ವೋಲ್ಟೇಜಿನದು, ಎಣ್ಣೆಯೂ ಬೇರೆ. ನಾವು ಮಾಮೂಲಿ ಹಾಕುವ ಪಿಎಜಿ ಎಣ್ಣೆ ಬಿದ್ದರೆ ಇನ್ಸುಲೇಶನ್ ಕೆಡುತ್ತದೆ. ಅದರ ತರಬೇತಿ ಇಲ್ಲದೆ ಕೈ ಹಾಕಬೇಡಿ.

ಎಣ್ಣೆ ಮತ್ತು ವ್ಯಾಕ್ಯೂಮ್

ಹೊಸ ಕಂಪ್ರೆಸರಿನಲ್ಲಿ ಬಹಳ ಸಲ ಇಡೀ ಸಿಸ್ಟಮ್ಮಿಗೆ ಆಗುವಷ್ಟು ಎಣ್ಣೆ ತುಂಬಿರುತ್ತದೆ. ರಿಕಂಡಿಷನ್‌ನಲ್ಲಿ ಒಮ್ಮೊಮ್ಮೆ ಏನೂ ಇರಲ್ಲ. ಎರಡನ್ನೂ ಹಾಗೇ ಫಿಟ್ ಮಾಡಬಾರದು. ಹಳೇದರಿಂದ ಎಷ್ಟು ಬಂತು ಅಂತ ಅಳೆದು, ಕಂಪನಿ ಪುಸ್ತಕ ನೋಡಿ ಹೊಂದಿಸಿ. ಎಣ್ಣೆ ಜಾಸ್ತಿ ಆದರೆ ಕೂಲಿಂಗ್ ಕಾಯಿಲ್ ಒಳಗೆ ಪದರ ಕಟ್ಟಿ ತಂಪು ಕಡಿಮೆ ಆಗುತ್ತದೆ. ಕಡಿಮೆ ಆದರೆ ಕಂಪ್ರೆಸರೇ ಹೋಗುತ್ತದೆ.

ವ್ಯಾಕ್ಯೂಮ್ ಬಗ್ಗೆ ನಮ್ಮೂರಿಗೆ ಬೇಕಾದ ಒಂದು ಲೆಕ್ಕ ಇದೆ. ಪುಸ್ತಕದಲ್ಲಿ 29.9 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ಬರಬೇಕು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಊರಿಗೆ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 28.3 ಇಂಚು. ಮಾಮೂಲಿ ಗೇಜಿನಲ್ಲಿ ಅದಕ್ಕಿಂತ ಕೆಳಗೆ ಮುಳ್ಳು ಹೋಗೋದಿಲ್ಲ. ಬೀದರ್ ಇನ್ನೂ ಎತ್ತರ, ಅಲ್ಲಿ ಇನ್ನೂ ಕಡಿಮೆ ತೋರಿಸುತ್ತದೆ. ಪಂಪ್ ಕೆಟ್ಟಿದೆ ಅಂತ ಗಾಬರಿ ಬೇಡ. ಅರ್ಧ ಗಂಟೆಗೆ ಕಡಿಮೆ ಇಲ್ಲದೆ ಎಳೆದು, ವಾಲ್ವ್ ಮುಚ್ಚಿ, ಮುಳ್ಳು ನಿಂತಲ್ಲೇ ನಿಲ್ಲುತ್ತದಾ ನೋಡಿ. ಸೊನ್ನೆಯ ಕಡೆಗೆ ಏರಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗೆ ಇನ್ನೂ ನೀರಿನಂಶ ಇದೆ.

ಸ್ಟಾರ್ಟ್ ಮಾಡುವ ಮೊದಲು

ಗ್ಯಾಸ್ ತೂಕ ಮಾಡಿ ಹಾಕಿದ ಮೇಲೆ ಕ್ಲಚ್ ಪ್ಲೇಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಒಳಗೆ ನಿಂತ ಎಣ್ಣೆ ಮತ್ತು ದ್ರವ ಜಾಗ ಬಿಡುತ್ತದೆ. ಆಮೇಲೆ ಎಂಜಿನ್ ನಿಧಾನದಲ್ಲಿ ಓಡಿಸಿ.

ಆರ್-134ಎ ಗ್ಯಾಸಿನ ಕಾರಿನಲ್ಲಿ, ಹೊರಗೆ 42-43 ಡಿಗ್ರಿ ಇರುವಾಗ, ಹೈ ಸೈಡ್ (ಕಂಪ್ರೆಸರಿನಿಂದ ಗ್ಯಾಸ್ ಹೊರಬರುವ ಕಡೆ) ಗೇಜ್ 230ರಿಂದ 270 ಪಿಎಸ್‌ಐ ಒತ್ತಡ ತೋರಿಸಿದರೆ ಹೆದರಬೇಡಿ. 300 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ, ಕಂಡೆನ್ಸರ್ ಫ್ಯಾನ್ ನೋಡಿ. ವಾಡಿ, ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡುವ ಕಾರುಗಳಲ್ಲಿ ಕಂಡೆನ್ಸರಿನ ಫಿನ್‌ಗಳೂ ಧೂಳಿನಿಂದ ಮುಚ್ಚಿರುತ್ತವೆ. ರೇಡಿಯೇಟರ್ ಕಡೆಯಿಂದ ಹೊರಕ್ಕೆ, ಕಡಿಮೆ ಪ್ರೆಶರಿನಲ್ಲಿ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಹೊಡೆದರೆ ಫಿನ್ ಮಡಚಿಕೊಳ್ಳುತ್ತದೆ. ಹಳೇ ಕಂಪ್ರೆಸರನ್ನು ಕೊಂದದ್ದು ನಿಂತುಹೋದ ಈ ಫ್ಯಾನೇ ಆಗಿದ್ದರೆ, ಅದನ್ನು ಸರಿ ಮಾಡುವ ತನಕ ಹೊಸದನ್ನೂ ಹಾಕಬೇಡಿ, ರಿಕಂಡಿಷನ್ನೂ ಬೇಡ.