ಲಘು ಶಿಕ್ಷೆ ಅಂದರೆ ಯಾವುದು?

ಹುಬ್ಬಳ್ಳಿಯಲ್ಲಿ ಸರಗಳ್ಳ ಸಿಕ್ಕಿಬಿದ್ದು ಕೆಲವೇ ದಿನಕ್ಕೆ ಹೊರಗೆ ಬಂದರೆ ಸಾಕು, 'ಲಘು ಶಿಕ್ಷೆ ಕೊಟ್ಟು ಬಿಟ್ರು' ಎಂಬ ಮೆಸೇಜ್ ವಾಟ್ಸಾಪ್ ತುಂಬಾ ಓಡುತ್ತದೆ. ಅದು ಶಿಕ್ಷೆಯೇ ಅಲ್ಲ, ಜಾಮೀನು. ವಿಚಾರಣೆ ಇನ್ನೂ ಶುರುವಾಗಿರುವುದೂ ಇಲ್ಲ.

ಜಾಮೀನು ಅರಬ್ಬಿಯ 'ಜಾಮಿನ್'ನಿಂದ ಪಾರ್ಸಿ, ಉರ್ದು ದಾಟಿ ಬಂದ ಪದ. ಹೊಣೆ ಹೊತ್ತವನು ಎಂದರ್ಥ. ನಮ್ಮ ಕಡೆ ಸೊಸೈಟಿ ಸಾಲಕ್ಕೆ 'ನಾ ಜಾಮೀನ ಆಗ್ತೀನಿ' ಅನ್ನುವಾಗ ಆ ಹಳೇ ಅರ್ಥ ಹಾಗೇ ಉಳಿದಿದೆ. ಹಾಗಂದ ಕೂಡಲೇ ಸಾಲ ಮನ್ನಾ ಆಯಿತು ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಕೋರ್ಟಿನಲ್ಲೂ ಅಷ್ಟೇ. ಕರೆದಾಗ ಆರೋಪಿ ಬರುತ್ತಾನೆ ಎಂಬ ಹೊಣೆ ಅದು. ಅವನು ತಪ್ಪು ಮಾಡಿದನೋ ಇಲ್ಲವೋ ಎಂಬುದನ್ನು ಜಾಮೀನು ಹೇಳುವುದೇ ಇಲ್ಲ.

ಲಘು ಶಿಕ್ಷೆಯ ಮಾತು ಬರುವುದು ತಪ್ಪು ಸಾಬೀತಾದ ಮೇಲೆ. ಕಾನೂನಿನಲ್ಲಿ '3 ವರ್ಷದವರೆಗೆ' ಎಂದಿದ್ದರೆ ಅದು ಮೇಲಿನ ಮಿತಿ. ಅದಕ್ಕಿಂತ ತೀರಾ ಕಡಿಮೆ ಕೊಟ್ಟರೆ, ಬರೀ ದಂಡ ಹಾಕಿದರೆ ಲಘು ಶಿಕ್ಷೆ ಅನ್ನಬಹುದು. 1958ರ ಪ್ರೊಬೇಷನ್ ಕಾಯ್ದೆಯಡಿ ಮುಚ್ಚಳಿಕೆ ಬರೆಸಿಕೊಂಡು, ಕೆಲವು ಸಣ್ಣ ಅಪರಾಧಗಳಲ್ಲಿ ಬುದ್ಧಿ ಹೇಳಿಯೂ ಬಿಡಬಹುದು. ಮೊದಲ ಸಲ ದಾರಿ ತಪ್ಪಿದ ಹುಡುಗನಿಗೆ ಇದು ಬೇಕೇ ಬೇಕು. ಅದರಲ್ಲಿ ನನಗೆ ತಕರಾರಿಲ್ಲ.

ನನ್ನ ತಕರಾರು ಬೇರೆ. ಆರೋಪಿ ಖುಲಾಸೆಯಾದರೆ, ಪರಿಹಾರ ಸಾಲದಾದರೆ, ಆರೋಪಕ್ಕಿಂತ ಸಣ್ಣ ಅಪರಾಧದ ಕಲಮಿನಡಿ ಶಿಕ್ಷೆಯಾದರೆ ನೊಂದವರೇ ಮೇಲ್ಮನವಿ ಹಾಕಬಹುದು. ಕ್ರಿಮಿನಲ್ ಕಾನೂನಿಗೆ 2009ರಲ್ಲಿ ಬಂದ ತಿದ್ದುಪಡಿ ಕೊಟ್ಟ ಹಕ್ಕು ಅದು. ಆದರೆ 'ಶಿಕ್ಷೆ ಕಡಿಮೆಯಾಯಿತು' ಎಂದು ಅವರು ಮೇಲ್ಮನವಿ ಹಾಕುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2020ರಲ್ಲಿ ಇದನ್ನೇ ಹೇಳಿದೆ. ಹಾಕಬೇಕಾದ್ದು ಸರ್ಕಾರ. ಸರ ಕಳೆದುಕೊಂಡು, ಕುತ್ತಿಗೆಗೆ ಗಾಯ ಮಾಡಿಕೊಂಡು, ಸಾಕ್ಷಿ ಹೇಳಲು ವರ್ಷಗಟ್ಟಲೆ ಅಲೆದ ಹೆಣ್ಣುಮಗಳು ಸರ್ಕಾರದ ಮನಸ್ಸು ಕಾಯಬೇಕು!

ಸ್ಟೇಷನ್ನಿನ ಕಾನ್‌ಸ್ಟೇಬಲ್‌ ಪಾಡೂ ಇಂಥದೇ. ಸಮನ್ಸ್ ಮುಟ್ಟಿಸುವವರು, ಹೆದರಿದ ಸಾಕ್ಷಿಗೆ ಧೈರ್ಯ ಹೇಳುವವರು ಅವರೇ. ಶಿಕ್ಷೆ ಹೆಸರಿಗಷ್ಟೇ ಆದಾಗ 'ಏನ್ರೀ ಸಾಹೇಬ್ರ, ಇಷ್ಟಕ್ಕ ನಮ್ಮನ್ನ ಕರಕೊಂಡ ಹೋದ್ರೇನು?' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರೂ ಅವರೇ. ಅಷ್ಟೇ ಅಲ್ಲ, ಡ್ಯೂಟಿಯಲ್ಲಿದ್ದ ಪೊಲೀಸರನ್ನು ತಡೆಯಲು ಮೈಮೇಲೆ ಕೈ ಮಾಡಿದರೂ, ಗಾಯವಾಗದಿದ್ದರೆ, ಹೆಚ್ಚೆಂದರೆ 2 ವರ್ಷ ಜೈಲು. ಬರೀ ದಂಡದಲ್ಲೂ ಮುಗಿಯಬಹುದು.

ಹಾಗಾಗಿ ಜಾಮೀನಿನ ದಿನ ಸುಮ್ನೆ ಕೂಗಾಡುವುದಕ್ಕಿಂತ ತೀರ್ಪಿನ ದಿನ ಕೋರ್ಟಿಗೆ ಹೋಗಿ. ಶಿಕ್ಷೆ ತೀರಾ ಕಡಿಮೆ ಅನ್ನಿಸಿದರೆ ತಡಮಾಡದೆ ಸರ್ಕಾರಿ ವಕೀಲರನ್ನು ಕಂಡು, ಮೇಲ್ಮನವಿ ಹಾಕಿ ಎಂದು ಬರವಣಿಗೆಯಲ್ಲೇ ಕೇಳಿ.